ನೀರಿನ ಸದ್ದು

ಎದೆಯೊಳಗೆ ಪೇಸ್‌ಮೇಕರ್ ಇಟ್ಟು ಮನೆಗೆ ಕಳಿಸುವಾಗ ಹಾಸನದ ಡಾಕ್ಟರು ನನಗೆ ಐದು ಮಾತು ಹೇಳಿದ್ದರು. ಒಂದು ತಿಂಗಳು ಎಡಗೈಯನ್ನು ಭುಜಕ್ಕಿಂತ ಮೇಲೆ ಎತ್ತಬಾರದು. ಮೊಬೈಲನ್ನು ಎಡಗಡೆ ಜೇಬಿನಲ್ಲಿ ಇಡಬಾರದು. ವೆಲ್ಡಿಂಗ್ ಮಾಡುವ ಕಡೆ ಸುಳಿಯಬಾರದು. ಹೇಳಿದ ದಿನ ತಪಾಸಣೆಗೆ ಬರಬೇಕು. ಐದನೆಯದು, ಅದನ್ನು ಮುಟ್ಟಬಾರದು, ಒತ್ತಬಾರದು, ತಟ್ಟಬಾರದು. ನಾಲ್ಕನ್ನು ನಾನು ಚಾಚೂ ತಪ್ಪದೆ ಪಾಲಿಸಿದೆ. ನಾಲ್ಕು ಪಾಲಿಸಿದವನಿಗೆ ಒಂದು ಮಾಫಿ ಇರಬೇಕು ಎಂದುಕೊಂಡಿದ್ದೆ.

ನನ್ನ ಹೆಸರು ಈಶ್ವರಯ್ಯ. ನುಗ್ಗೇಹಳ್ಳಿ ಹೋಬಳಿಯಲ್ಲಿ ಕೊಬ್ಬರಿ ಮಾಡುವ ಮನೆಗಳಲ್ಲಿ ನನ್ನ ಹೆಸರಿಗಿಂತ ನನ್ನ ಕಿವಿಗೇ ಹೆಚ್ಚು ಮರ್ಯಾದೆ. ನಮ್ಮ ಕಡೆ ಕಾಯನ್ನು ಒಡೆದು ಬಿಸಿಲಿಗೆ ಹಾಕಿ ಒಣಗಿಸುವುದಿಲ್ಲ. ಇಡೀ ಕಾಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಅದರ ಪಾಡಿಗೆ ಬಿಡುತ್ತೇವೆ. ಒಳಗಿನ ನೀರು ನಿಧಾನವಾಗಿ ಇಂಗಿ, ತಿರುಳು ಚಿಪ್ಪನ್ನು ಬಿಟ್ಟು, ಉಂಡೆ ಕೊಬ್ಬರಿಯಾಗುತ್ತದೆ. ಆಯಿತೋ ಇಲ್ಲವೋ ಕಣ್ಣಿಗೆ ಕಾಣುವುದಿಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಲೊಟಲೊಟ ಎಂದರೆ ಕೊಬ್ಬರಿ. ತುಳುಕಿದರೆ ಇನ್ನೂ ನೀರಿದೆ, ಬಿಡಬೇಕು. ಎರಡೂ ಅಲ್ಲದೆ ಒಳಗೇನೋ ಮೆತ್ತಗೆ ಹೊರಳಿದರೆ ಕೊಳೆತಿದೆ, ಎಸೆಯಬೇಕು. ಅಟ್ಟದಿಂದ ಕಾಯಿ ಇಳಿಸುವ ದಿನ ಮೊದಲ ಕಾಯನ್ನು ನನ್ನ ಕೈಗೆ ಕೊಡುವುದು ವಾಡಿಕೆ. ನಾನು ಅಲ್ಲಾಡಿಸಿ ‘ಆಯ್ತು’ ಎಂದ ಮೇಲೆಯೇ ಆಳುಗಳು ಏಣಿ ಹತ್ತುವುದು. ಇಳಿಸಿದ ಕಾಯಿಗಳನ್ನು ಒಂದೊಂದಾಗಿ ಆರಿಸುವುದೂ ನಾನೇ. ನಮ್ಮ ಮನೆಯಲ್ಲಷ್ಟೇ ಅಲ್ಲ, ಪಕ್ಕದ ಮನೆಯ ಚನ್ನಪ್ಪನ ಅಟ್ಟಕ್ಕೂ, ಊರಿನ ಇನ್ನೂ ಏಳೆಂಟು ಅಟ್ಟಗಳಿಗೂ ಹೀಗೆಯೇ. ನಲವತ್ತು ವರ್ಷದಿಂದ ನಡೆದುಬಂದದ್ದು.

ಮೂರು ವರ್ಷದ ಹಿಂದೆ ಆ ಕಿವಿ ಕೈಕೊಟ್ಟಿತು. ಒಂದೇ ದಿನ ಅಲ್ಲ. ಮೊದಲು ಹಲ್ಲಿಯ ಲೊಚಗುಟ್ಟುವಿಕೆ ಹೋಯಿತು, ಆಮೇಲೆ ಕುಕ್ಕರಿನ ಸೀಟಿ, ಆಮೇಲೆ ನನ್ನ ಹೆಂಡತಿ ಗಂಗಾಂಬಿಕೆ ಪಾತ್ರೆ ತೊಳೆಯುತ್ತಾ ಗುನುಗುತ್ತಿದ್ದ ಹಾಡು. ಒಂದು ಸಂಜೆ ಕಾಯಿ ಅಲ್ಲಾಡಿಸಿದೆ, ಏನೂ ಕೇಳಿಸಲಿಲ್ಲ. ಇನ್ನೊಂದು ತೆಗೆದುಕೊಂಡೆ, ಅದೂ ಅಷ್ಟೇ. ಹತ್ತಿರ ಕುಳಿತು ಜೋರಾಗಿ ಆಡಿದ ಮಾತು ಕೇಳಿಸುತ್ತಿತ್ತು, ಉಳಿದದ್ದೆಲ್ಲ ಗೋಡೆಯ ಆಚೆ ಸೇರಿತು. ಅಷ್ಟು ದಿನ ಕಿವಿಯಿಂದಲೇ ಬಾಳಿದವನು ಊರೆದುರು ಕಿವುಡ ಎಂದು ಒಪ್ಪಿಕೊಳ್ಳುವುದು ಹೇಗೆ? ಒಪ್ಪಿಕೊಳ್ಳಲಿಲ್ಲ. ‘ಏನು?’ ಎಂದು ಕೇಳಿದವನು ಸಿಕ್ಕಿಬೀಳುತ್ತಾನೆ. ನಾನು ಆ ಮಾತನ್ನೇ ಬಿಟ್ಟುಬಿಟ್ಟೆ. ಯಾರು ಏನೇ ಹೇಳಿದರೂ ‘ಹೂಂ’ ಎಂದೆ. ಕಾಯನ್ನು ಬೆರಳಿನ ಗೆಣ್ಣಿನಿಂದ ತಟ್ಟಿ, ಒಳಗಿನ ನಡುಕವನ್ನು ಬೆರಳಿನಿಂದಲೇ ತಿಳಿಯಲು ಕಲಿತೆ. ಮೂರು ವರ್ಷದಲ್ಲಿ ಒಬ್ಬ ವ್ಯಾಪಾರಿಯೂ ನನ್ನ ಕೊಬ್ಬರಿಯಲ್ಲಿ ಒಂದು ಹಸಿಯೋ ಕೊಳಕೋ ಸಿಕ್ಕಿತೆಂದು ದೂರಲಿಲ್ಲ. ಕಿವಿ ಹೋದರೇನು, ನನ್ನ ಬೆರಳಿಗೇ ಕಿವಿ ಬಂದಿದೆ ಎಂದು ಒಳಗೊಳಗೇ ಬೀಗಿದೆ.

ಇದರ ನಡುವೆ ಹೃದಯವೂ ತಕರಾರು ತೆಗೆಯಿತು. ಚನ್ನರಾಯಪಟ್ಟಣದ ಬಸ್ ನಿಲ್ದಾಣದಲ್ಲಿ ಎಳನೀರು ಕುಡಿಯುತ್ತಾ ನಿಂತವನು ಹಾಗೆಯೇ ಕುಸಿದೆ. ನಾಡಿ ನಿಮಿಷಕ್ಕೆ ಮೂವತ್ನಾಲ್ಕಕ್ಕೆ ಇಳಿದಿತ್ತಂತೆ. ಹಾಸನಕ್ಕೆ ಸಾಗಿಸಿ, ಬಸವ ಜಯಂತಿಯ ವಾರದಲ್ಲಿ ಎಡಗಡೆ ಕೊರಳೆಲುಬಿನ ಕೆಳಗೆ ಚರ್ಮ ಸೀಳಿ ಯಂತ್ರವನ್ನು ಇಟ್ಟರು. ಅದರಿಂದ ಎರಡು ತಂತಿ ನರದೊಳಗೆ ಇಳಿದು ಹೃದಯ ಮುಟ್ಟುತ್ತವೆ. “ಇದು ಇಲ್ಲದಿದ್ರೆ ನಿಮ್ಮ ಹೃದಯ ಯಾವಾಗ ಬೇಕಾದ್ರೂ ನಿಲ್ಲಬಹುದು ಯಜಮಾನ್ರೇ” ಎಂದರು ಡಾಕ್ಟರ್ ಸ್ನೇಹಲತಾ. ಆ ಮಾತನ್ನು ಅವರು ಜೋರಾಗಿಯೇ ಹೇಳಿದರು. ನನಗೆ ಚೆನ್ನಾಗಿ ಕೇಳಿಸಿತು.

ನಾನು ಆಸ್ಪತ್ರೆಯಲ್ಲಿದ್ದ ವಾರದಲ್ಲೇ ಗಂಗಾ ಆಳುಗಳನ್ನು ಇಟ್ಟುಕೊಂಡು ಆ ವರ್ಷದ ಕಾಯನ್ನು ಅಟ್ಟಕ್ಕೆ ಹಾಕಿಸಿದ್ದಳು. ಗಾಯ ಮಾಗಿ ನಾನು ಜಗಲಿಗೆ ಬಂದು ಕುಳಿತ ದಿನ ಚನ್ನಪ್ಪ ಬಗ್ಗಿ ನನ್ನ ಎದೆ ನೋಡಿದ. ಚರ್ಮದಡಿ ಬೆಂಕಿಪೊಟ್ಟಣದಷ್ಟು ಉಬ್ಬಿಕೊಂಡಿತ್ತು.

“ಈಸ್ರಣ್ಣ, ನಿನ್ನೆದೆ ಕಾಯೂ ಅಟ್ಟದ್ ಕಾಯೂ ಒಂದೇ ವಾರ ಆಕಿದ್ದು ಕಣ. ಯಾವುದು ಮೊದ್ಲು ಕೊಬ್ರಿ ಆಯ್ತದೋ ನೋಡ್ಬುಡನ.”

ಜಗಲಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ನಕ್ಕು ಸುಮ್ಮನಿದ್ದರೆ ಆಗುತ್ತಿತ್ತು. ಗೆಣ್ಣಿನಿಂದ ಟಕಟಕ ತಟ್ಟಿ, ಕತ್ತು ಬಾಗಿಸಿ ಕಿವಿಗೊಟ್ಟಂತೆ ಮಾಡಿ, “ಇನ್ನೂ ನೀರೈತೆ ಕಣ್ಲಾ” ಎಂದೆ. ಮತ್ತಷ್ಟು ನಗು. ಅಲ್ಲಿಂದ ಅದು ಆಟವಾಯಿತು. ಯಾರೇ ಬರಲಿ, ‘ಏನಣ್ಣ, ಆಯ್ತಾ?’ ಎನ್ನುವುದು, ನಾನು ತಟ್ಟಿ ತೋರಿಸುವುದು. ಆಮೇಲಾಮೇಲೆ ಯಾರೂ ಇಲ್ಲದಾಗಲೂ ಕೈ ಅಲ್ಲಿಗೇ ಹೋಗುತ್ತಿತ್ತು. ಕಿವಿಯಿದ್ದವನಾಗಿದ್ದರೆ ಮೆಲ್ಲಗೆ ತಟ್ಟುತ್ತಿದ್ದೆನೋ ಏನೋ. ಬೆರಳಿಗೆ ತಿಳಿಯಬೇಕೆಂದರೆ ಜೋರಾಗಿಯೇ ತಟ್ಟಬೇಕು. ಉಗುರಿನಿಂದ ಒತ್ತುತ್ತಿದ್ದೆ, ಆಚೆಈಚೆ ಸರಿಸುತ್ತಿದ್ದೆ. ಅಲ್ಲಾಡುವ ಹಲ್ಲಿನ ಕಡೆಗೇ ನಾಲಿಗೆ ಹೋಗುತ್ತದಲ್ಲ, ಹಾಗೆ. ದೀಪಾವಳಿಯ ಹೊತ್ತಿಗೆ ಅದರ ಮೇಲಿನ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿ ಹೊಳೆಯತೊಡಗಿತು.

ಸಂಕ್ರಾಂತಿ ಕಳೆದ ಮೇಲೆ ಅಲ್ಲೊಂದು ಕೆಂಪು ಚುಕ್ಕೆ ಕಾಣಿಸಿತು. ಕೊಬ್ಬರಿ ಎಣ್ಣೆಯಲ್ಲಿ ಅರಿಸಿನ ಕಲಸಿ ಹಚ್ಚಿದೆ. ಪೂಜೆ ಮಾಡುವಾಗ ಅದರ ಮೇಲೂ ಒಂದು ಬೆರಳು ವಿಭೂತಿ ಎಳೆದೆ. ಚುಕ್ಕೆ ರೂಪಾಯಿಯಷ್ಟಗಲವಾಯಿತು, ಮುಟ್ಟಿದರೆ ಬಿಸಿ. ಒಂದು ಬೆಳಿಗ್ಗೆ ಬನಿಯನ್ನಿಗೆ ತೇವ ಅಂಟಿತ್ತು. ಲಿಂಗದ ಕರಡಿಗೆಯನ್ನು ಸ್ವಲ್ಪ ಎಡಕ್ಕೆ ಸರಿಸಿ, ಮೇಲೆ ಶಾಲು ಹೊದ್ದು ಮುಚ್ಚಿಕೊಂಡೆ. ಚಳಿ ಎಂದರೆ ಯಾರೂ ಕೇಳುವುದಿಲ್ಲ. ಆಸ್ಪತ್ರೆಗೆ ಹೋದರೆ ಮೊದಲು ತಟ್ಟಿದ್ದಕ್ಕೆ ಬೈಯುತ್ತಾರೆ, ಆಮೇಲೆ ತೆಗೆಯಬೇಕು ಎನ್ನುತ್ತಾರೆ. ತೆಗೆದರೆ ಹೃದಯ ನಿಲ್ಲುತ್ತದೆ ಎಂದು ಅವರೇ ಹೇಳಿದ್ದಾರೆ. ನಿಜ ಹೇಳುತ್ತೇನೆ, ನನಗೆ ಸಾಯುವ ಭಯವಿತ್ತು. ಆ ಭಯಕ್ಕೇ ಸಾವಿನ ಹತ್ತಿರ ಹೋಗುತ್ತಿದ್ದೆ.

ಆಮೇಲೆ ಜ್ವರ ಬಂತು. ಆ ಜ್ವರದ ವಿಷಯ ಹೇಳಲೇಬೇಕು.

ಮೊದಲ ದಿನ ಮಧ್ಯಾಹ್ನ ಮೈ ನಡುಗಿತು. ಗಂಗಾಳ ಕಣ್ಣು ತಪ್ಪಿಸಿ ಏಣಿ ಹತ್ತಿ ಅಟ್ಟದಲ್ಲಿ ಕಾಯಿ ರಾಶಿಯ ಪಕ್ಕ ಗೋಣಿಚೀಲ ಹಾಸಿಕೊಂಡು ಮಲಗಿದೆ. ಹೆಂಚಿನ ನಡುವೆ ಕೂರಿಸಿದ ಗಾಜಿನಿಂದ ಬಿಸಿಲು ಇಳಿಯುತ್ತಿತ್ತು, ಅದರಲ್ಲಿ ದೂಳು ಏಳುತ್ತಿತ್ತು. ನಡುಕ ನಿಂತು ಮೈ ಕಾವೇರಿತು. ಕಣ್ಣು ಮುಚ್ಚಿದ್ದೆನೋ ತೆರೆದಿದ್ದೆನೋ ತಿಳಿಯದು. ಅಟ್ಟ ಮೆಲ್ಲಗೆ ಮನೆಯಿಂದ ಬಿಟ್ಟುಕೊಂಡು ತೇಲತೊಡಗಿತು. ಆಗ ಮೊದಲು ಕೇಳಿಸಿದ್ದು ಹಲ್ಲಿ.

ಲೊಚ್ ಲೊಚ್ ಎಂದಿತು. ಮೂರು ವರ್ಷದ ಮೇಲೆ. ಎದ್ದು ಕೂರಲು ಹೋದೆ, ಆಗಲಿಲ್ಲ. ಆಮೇಲೆ ಹಲಗೆ ಕಿರ್ ಎಂದದ್ದು ಕೇಳಿಸಿತು, ಹೆಂಚಿನ ಮೇಲೆ ಅಳಿಲು ಓಡಿದ್ದು ಕೇಳಿಸಿತು. ಬರಬರುತ್ತಾ ಕಾಯಿಗಳು. ಹತ್ತು ಸಾವಿರ ಕಾಯಿ, ಒಂದೊಂದರೊಳಗೂ ಒಂದೊಂದು ಗುಟುಕು ನೀರು, ಆ ನೀರು ತಿರುಳಿನೊಳಕ್ಕೆ ಇಂಗುವ ಸದ್ದು. ಕಾಯಿಗಳು ನನ್ನ ಕಡೆ ತಿರುಗಿ ಮೂರು ಮೂರು ಕಣ್ಣು ಬಿಟ್ಟು ನೋಡುತ್ತಿದ್ದವು. ಒಂದೊಂದನ್ನೂ ನಾನು ಗುರುತು ಹಿಡಿದೆ. ನೀನು ಬಾವಿ ಪಕ್ಕದ ಮರದ್ದು, ನೀನು ಬದುವಿನ ಮರದ್ದು, ನೀನು ನಾನು ಮದುವೆಯಾದ ವರ್ಷ ನೆಟ್ಟ ಮರದ್ದು. ಅವೂ ಹೌದು ಹೌದು ಎಂದವು. ಎಲ್ಲಕ್ಕಿಂತ ಕೊನೆಗೆ, ಹಿತ್ತಲಿನಿಂದ, ಪಾತ್ರೆ ತೊಳೆಯುತ್ತಾ ಗಂಗಾ ಗುನುಗುವುದು ಕೇಳಿಸಿತು. ಮದುವೆಯಾದ ಹೊಸತರಲ್ಲಿ ಗುನುಗುತ್ತಿದ್ದ ಅದೇ ರಾಗ, ಎರಡನೆಯ ಸಾಲಿನಲ್ಲಿ ಸ್ವಲ್ಪ ತಪ್ಪುವ ಅದೇ ದನಿ. ನಾನು ಗೋಣಿಚೀಲದ ಮೇಲೆ ಮಲಗಿ ಅತ್ತುಬಿಟ್ಟೆ.

ಸಂಜೆ ಬೆವರಿ ಜ್ವರ ಇಳಿಯಿತು. ಕಿವಿ ಮತ್ತೆ ಮುಚ್ಚಿಕೊಂಡಿತು.

ಮಾರನೆಯ ದಿನ ಮಧ್ಯಾಹ್ನ ನಾನಾಗಿಯೇ ಅಟ್ಟ ಹತ್ತಿ ಜ್ವರಕ್ಕಾಗಿ ಕಾದೆ. ಬಂತು. ಹಲ್ಲಿ ಬಂತು, ಅಳಿಲು ಬಂತು, ಕಾಯಿಗಳು ಬಂದವು, ಗಂಗಾಳ ಹಾಡು ಬಂತು. ಹೀಗೆ ಆರು ದಿನ. ಮೆಡಿಕಲ್ ಸ್ಟೋರಿನಿಂದ ತಂದ ಜ್ವರದ ಮಾತ್ರೆ ಜೇಬಿನಲ್ಲೇ ಇತ್ತು, ಬೇಕೆಂದೇ ನುಂಗಲಿಲ್ಲ. ಹುಚ್ಚು ಎನ್ನುತ್ತೀರಿ. ಮೂರು ವರ್ಷ ನೀವೂ ‘ಹೂಂ’ ಎಂದುಕೊಂಡು ಬದುಕಿ ನೋಡಿ, ಆಮೇಲೆ ಹೇಳಿ.

ಏಳನೆಯ ದಿನ ಕಣ್ಣು ಬಿಟ್ಟಾಗ ಗಂಗಾ ಪಕ್ಕದಲ್ಲಿ ಕುಳಿತಿದ್ದಳು. ಶಾಲು ಸರಿಸಿ, ಅಂಗಿಯ ಗುಂಡಿ ಬಿಚ್ಚಿ, ಎರಡು ಬೆರಳನ್ನು ಆ ಉಬ್ಬಿನ ಅಕ್ಕಪಕ್ಕ ಇಟ್ಟಿದ್ದಳು. ಒಂದು ಬೆರಳು ಮೆಲ್ಲಗೆ ಒತ್ತಿದರೆ ಇನ್ನೊಂದು ಬೆರಳು ಮೇಲೇಳುತ್ತಿತ್ತು.

“ಎಷ್ಟು ದಿನ ಆಯ್ತು ಇದು?” ನನ್ನ ಕಿವಿಗೇ ಬಾಯಿಟ್ಟು ಕೇಳಿದಳು.

“ಏನಿಲ್ಲ ಕಣೇ, ಒಂದು ಕುರು.”

“ಕುರು ಅಲ್ಲ ಕಣ್ರೀ. ಒಳಗೆ ನೀರು ತುಂಬ್ಕೊಂಡದೆ. ಮೈ ಕಾದ್ ಎಂಚಾಗದೆ. ಏಳಿ, ಹಾಸನಕ್ಕೆ ಓಗಣ.”

“ನಾನೆಲ್ಲೂ ಬರಕಿಲ್ಲ.”

ಅವಳು ವಾದ ಮಾಡುವ ಹೆಂಗಸಲ್ಲ. ಎದ್ದಳು, ಇಳಿದಳು, ಇಳಿದು ಏಣಿಯನ್ನು ತೆಗೆದು ಹಿತ್ತಲಿಗೆ ಒಯ್ದುಬಿಟ್ಟಳು. ಅಟ್ಟದ ಬಾಯಿಯಲ್ಲಿ ತಲೆ ಹಾಕಿ ಕೂಗಿದೆ, ಬೈದೆ. ಅವಳು ಕೆಳಗೆ ಸೊಂಟಕ್ಕೆ ಕೈಕೊಟ್ಟು ನಿಂತು, ಬಾಯಿ ದೊಡ್ಡದು ಮಾಡಿ, “ಬತ್ತೀನಿ ಅಂದ್ರೆ ಏಣಿ ಬತ್ತದೆ” ಎಂದಳು. ಅರವತ್ತಾರು ವರ್ಷದ ಗಂಡಸು ಎಷ್ಟು ಹೊತ್ತು ಹಟ ಮಾಡಬಹುದೋ ಅದನ್ನು ಅವನ ಮೂತ್ರಕೋಶ ತೀರ್ಮಾನಿಸುತ್ತದೆ. ಅರ್ಧ ಗಂಟೆಯಲ್ಲಿ ಬರುತ್ತೇನೆಂದೆ. ಚನ್ನಪ್ಪ ತನ್ನ ಹಳೇ ಕಾರು ತಂದು ನಿಲ್ಲಿಸಿದ್ದ. ನನ್ನನ್ನು ಹಿಡಿದು ಕೂರಿಸಿದ.

“ನಾನು ತಮಾಸೆಗಂದಿದ್ದು ಕಣಣ್ಣ. ನೀನು ದಿನಾ ಕುಟ್ಕೊಂಡು ಕೂತಿದ್ದೀಯ ಅಂತ ನಂಗೇನ್ ಗೊತ್ತು” ಎಂದ. ಚನ್ನರಾಯಪಟ್ಟಣ ದಾಟುವವರೆಗೂ ಅದನ್ನೇ ಮತ್ತೆ ಮತ್ತೆ ಹೇಳುತ್ತಿದ್ದ.

ಆಸ್ಪತ್ರೆಯಲ್ಲಿ ರಕ್ತ ತೆಗೆದರು, ಎದೆಯ ಸ್ಕ್ಯಾನ್ ಮಾಡಿದರು. ಡಾಕ್ಟರ್ ಸ್ನೇಹಲತಾ ಉಬ್ಬನ್ನು ನೋಡಿ, “ಚರ್ಮ ಹೇಗೆ ಸವೆಯಿತು? ಏನಾದರೂ ತಗಲ್ತಾ ಇತ್ತಾ?” ಎಂದರು. ಅಂಗಿ ಗುಂಡಿ ಇರಬೇಕು ಎಂದೆ. ಗಂಗಾ ನನ್ನ ಮುಖವನ್ನೇ ನೋಡಿದಳು.

ಎರಡನೆಯ ದಿನ ಬೆಳಿಗ್ಗೆ ಡಾಕ್ಟರು ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತರು. “ಸ್ವಲ್ಪ ಜೋರಾಗಿ ಹೇಳಿ ಮೇಡಂ, ಅವ್ರಿಗೆ ಸುಸ್ತು” ಎಂದಳು ಗಂಗಾ.

“ನಿಮ್ಮ ರಕ್ತದಲ್ಲಿ ಬ್ಯಾಕ್ಟೀರಿಯಾ ಬೆಳೆದಿದೆ. ಎಲ್ಲರ ಚರ್ಮದ ಮೇಲೂ ಇರೋ ಜಾತಿಯದೇ. ಸವೆದ ಜಾಗದಿಂದ ಒಳಗೆ ಹೋಗಿ ಯಂತ್ರಕ್ಕೆ ಅಂಟಿಕೊಂಡಿದೆ, ತಂತಿಗೂ ಅಂಟಿರುತ್ತೆ. ಕೆರೆ ಮೆಟ್ಟಿಲಿಗೆ ಪಾಚಿ ಕಟ್ಟುತ್ತಲ್ಲ, ಹಾಗೆ ಲೋಳೆ ಕಟ್ಕೊಂಡು ಅದರೊಳಗೆ ಕೂತ್ಕೊಳ್ಳುತ್ತೆ. ರಕ್ತದಲ್ಲಿ ಓಡಾಡೋದನ್ನ ಔಷಧಿ ಕೊಲ್ಲುತ್ತೆ. ಲೋಳೆಯೊಳಗಿರೋದನ್ನ ಕೊಲ್ಲಕ್ಕಾಗಲ್ಲ.”

“ಮಾತ್ರೆ ಕೊಡಿ. ಜಾಸ್ತಿ ದಿನ ತಗೋತೀನಿ.”

“ಎಷ್ಟು ದಿನ ತಗೊಂಡ್ರೂ, ನಿಲ್ಲಿಸಿದ ಮೇಲೆ ಮತ್ತೆ ಬರುತ್ತೆ. ಯಂತ್ರ, ತಂತಿ ಎಲ್ಲಾ ತೆಗೀಬೇಕು. ಕುತ್ತಿಗೆಯಿಂದ ತಾತ್ಕಾಲಿಕ ತಂತಿ ಹಾಕಿ, ಹೊರಗಡೆ ಒಂದು ಪೆಟ್ಟಿಗೆ ಕಟ್ಟಿ ಹೃದಯ ನಡೆಸ್ತೀವಿ. ರಕ್ತ ಶುದ್ಧ ಆದ್ಮೇಲೆ ಬಲಗಡೆ ಹೊಸದು. ತಂತಿ ಎಳೆಯುವಾಗ ಹೃದಯಕ್ಕೆ ಪೆಟ್ಟಾಗೋ ಅಪಾಯ ಇದೆ, ನೂರರಲ್ಲಿ ಒಬ್ಬರಿಗೆ. ತೆಗೀದೆ ಬಿಟ್ರೆ ನೀವು ಉಳಿಯಲ್ಲ. ನಾಳೆ ಬೆಳಿಗ್ಗೆ ಮಾಡಬೇಕು. ಸಂಜೆಯೊಳಗೆ ಸಹಿ ಬೇಕು.”

“ಯೋಚನೆ ಮಾಡಿ ಹೇಳ್ತೀನಿ” ಎಂದೆ. ಯೋಚಿಸುವುದೇನಿತ್ತು, ಆಗುವುದಿಲ್ಲ ಎಂದೇ ನನ್ನ ತೀರ್ಮಾನ. ಆ ನೂರರಲ್ಲಿ ಒಬ್ಬನ ಭಯ ಅರ್ಧ. ಇನ್ನರ್ಧವನ್ನು ಯಾರ ಹತ್ತಿರವೂ ಹೇಳುವಂತಿರಲಿಲ್ಲ. ಜ್ವರ ಹೋದರೆ ನನ್ನ ಕಿವಿ ಹೋಗುತ್ತದೆ.

ಮಧ್ಯಾಹ್ನ ಜ್ವರ ಬಂತು. ಆಸ್ಪತ್ರೆಯ ಬಿಳಿ ಛಾವಣಿ ತೆಳುವಾಗಿ, ಅದರಾಚೆ ಹೆಂಚು ಕಂಡಿತು. ಕೈಗೆ ಚುಚ್ಚಿದ್ದ ಬಾಟಲಿಯಿಂದ ಹನಿ ಬೀಳುವುದು ಒಂದೊಂದಾಗಿ ಕೇಳಿಸಿತು. ಆ ಹನಿಗೆ ಅಟ್ಟದ ಕಾಯಿಗಳೆಲ್ಲ ಓಗೊಟ್ಟವು. ನುಗ್ಗೇಹಳ್ಳಿಯ ಗುಡಿಯ ಗಂಟೆ ಅಷ್ಟು ದೂರದಿಂದ ಹಾಸನದವರೆಗೂ ಬಂತು. ಮಂಚ ತೇಲಿತು. ಹಿತ್ತಲಿನ ಕಲ್ಲಿನ ಮೇಲೆ ಗಂಗಾ ಕುಳಿತಿದ್ದಳು, ಇಪ್ಪತ್ತು ವರ್ಷದ ಹುಡುಗಿ, ಬೂದಿಯಲ್ಲಿ ಚೆಂಬು ಉಜ್ಜುತ್ತಾ ಗುನುಗುತ್ತಿದ್ದಳು. ಎರಡನೆಯ ಸಾಲಿನಲ್ಲಿ ತಪ್ಪಿದಳು. ನಾನು ನಕ್ಕೆ.

ಕಣ್ಣು ಬಿಟ್ಟಾಗ ನಿಜವಾದ ಗಂಗಾ ಒದ್ದೆ ಬಟ್ಟೆಯಿಂದ ನನ್ನ ಹಣೆ ಒರೆಸುತ್ತಿದ್ದಳು. ಜ್ವರದ ಸಲಿಗೆಯಲ್ಲಿ ಬಾಯಿ ತಪ್ಪಿ ಕೇಳಿಬಿಟ್ಟೆ.

“ಪಾತ್ರೆ ತೊಳೆಯೋವಾಗ ಹಾಡ್ತೀಯಲ್ಲ, ಈಗ್ಲೂ ಎರಡನೇ ಸಾಲು ತಪ್ಪು ಕಣೇ. ದಿನಾ ಕೇಳುಸ್ಕೊತೀನಿ ಅಟ್ಟದಿಂದ.”

ಅವಳ ಕೈ ನಿಂತಿತು. ಬಟ್ಟೆಯನ್ನು ಬಟ್ಟಲಿಗೆ ಹಾಕಿ, ನನ್ನ ಕಿವಿಯ ಹತ್ತಿರ ಬಗ್ಗಿದಳು.

“ನಾನು ಹಾಡದು ಬಿಟ್ಟು ಮೂರು ವರ್ಷ ಆಯ್ತು.”

“ಸುಳ್ಳು.”

“ಯಾರಿಗೇಂತ ಹಾಡ್ಲಿ? ನೀವು ಕೇಳುಸ್ಕೊಳದು ನಿಂತೋದ್ ದಿನ ನಾನೂ ನಿಲ್ಲಿಸ್ದೆ.”

ನನ್ನ ಗುಟ್ಟು ಅವಳಿಗೆ ಮೊದಲಿಂದಲೂ ಗೊತ್ತಿತ್ತು ಎಂದು ಅರ್ಥವಾಯಿತು, ಮೈಯೆಲ್ಲ ಉರಿಯಿತು. “ನಿಂಗ್ಯಾರು ಹೇಳಿದ್ದು ನಂಗೆ ಕೇಳಕಿಲ್ಲ ಅಂತ? ಕಿವಿ ಕೇಳದೆ ಮೂರು ವರ್ಷ ಕಾಯಿ ಆರಿಸಿದ್ನಾ? ಒಂದು ಕಾಯಿ ತಪ್ಪಿತ್ತೇನೇ? ಯಾವನಾದ್ರೂ ಒಂದು ಮಾತಂದ್ನಾ?” ಪಕ್ಕದ ಮಂಚದವರೆಲ್ಲ ತಿರುಗಿ ನೋಡುವಷ್ಟು ಕೂಗಾಡಿದೆ.

ನಾನು ಕೂಗಿ ಮುಗಿಸಿದ ಮೇಲೆ ಅವಳು ಮತ್ತೆ ನನ್ನ ಕಿವಿಗೆ ಬಗ್ಗಿದಳು.

“ನೀವು ಆರ್ಸಿ ಎದ್ದೋದ್ಮೇಲೆ ನಾನು ಕೂತ್ಕೊಂಡು ಇನ್ನೊಂದ್ಸಲ ಎಲ್ಲಾನೂ ಆರುಸ್ತೀನಿ. ಚನ್ನಪ್ಪಂದೂ ಅಷ್ಟೇ, ಊರೋರದೂ ಅಷ್ಟೇ. ಬೇಳೆ ತರಕ್ಕೋ ಮಜ್ಜಿಗೆ ಕೊಡಕ್ಕೋ ಓದಂಗೆ ಓಗಿ ಆರ್ಸಿ ಬತ್ತಿದ್ದೆ. ನೂರಕ್ಕೆ ಮೂವತ್ತು ತಪ್ಪಿರ್ತಿತ್ತು ಕಣ್ರೀ.”

ಮೂವತ್ತು. ನನ್ನ ಬೆರಳಿಗೆ ಬಂದಿದ್ದ ಕಿವಿ ಅಷ್ಟೇ. ಅವಳನ್ನು ಹೊಡೆದುಬಿಡುವಷ್ಟು ಸಿಟ್ಟು ಬಂತು, ಅದೇ ಕ್ಷಣ ಅವಳ ಮಡಿಲಲ್ಲಿ ಮುಖ ಮುಚ್ಚಿಕೊಳ್ಳಬೇಕು ಎನ್ನಿಸಿತು. ಎರಡನ್ನೂ ಮಾಡಲಿಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ ಮನೆ ಮನೆಗೆ ಹೋಗಿ, ಯಾವುದೋ ನೆಪ ಹೇಳಿ, ಒಂದೊಂದೇ ಕಾಯನ್ನು ಕಿವಿಗೆ ಹಿಡಿದು ಕೂತ ಹೆಂಗಸು ಕಣ್ಣಿಗೆ ಕಟ್ಟಿದಳು. ಮೂರು ವರ್ಷ ಅವಳು ಯಾರಿಗೂ ಹೇಳಿರಲಿಲ್ಲ. ನನಗೂ ಹೇಳಿರಲಿಲ್ಲ.

“ಜ್ವರದಾಗೆ ಚೆನ್ನಾಗಿ ಕೇಳ್ಸುತ್ತೆ ಕಣೇ” ಎಂದೆ. ನನ್ನ ದನಿ ನನಗೇ ಚಿಕ್ಕ ಮಗುವಿನದರಂತೆ ಅನ್ನಿಸಿತು. “ಎಲ್ಲಾ ಕೇಳ್ಸುತ್ತೆ. ಅದಕ್ಕೇ ನಾನು...”

“ನಿಮ್ಗೆ ಕೇಳ್ಸದು ನಾನಲ್ಲ. ನಾನು ಇಲ್ಲಿ ಕೂತಿದ್ದೀನಿ. ನಂಗೆ ನಿಮ್ ಕಿವಿ ಬ್ಯಾಡ, ನೀವು ಬೇಕು. ನೀವು ಓದ್ರೆ ನಾನು ಯಾರ ಹಿಂದೆ ಕಾಯಿ ಆರುಸ್ಲಿ?” ಅಷ್ಟು ಹೇಳುವಷ್ಟರಲ್ಲಿ ಅವಳಿಗೆ ಅಳು ಬಂತು. ನಲವತ್ತು ವರ್ಷದಲ್ಲಿ ಅವಳು ನನ್ನೆದುರು ಅತ್ತದ್ದು ಮೂರೋ ನಾಲ್ಕೋ ಸಲ.

ಸಂಜೆ ಡಾಕ್ಟರು ಬಂದಾಗ ಸಹಿ ಮಾಡುವ ಮೊದಲೇ ಹೇಳಿದೆ. “ಅಂಗಿ ಗುಂಡಿ ಅಲ್ಲ ಮೇಡಂ. ನಾನೇ ತಟ್ತಿದ್ದೆ. ಕಾಯಿ ತಟ್ಟಿದಂಗೆ, ಎಂಟು ತಿಂಗಳು. ನಂಗೆ ಕಿವಿ ಕೇಳಲ್ಲ, ಅದಕ್ಕೆ ಜೋರಾಗಿ ತಟ್ತಿದ್ದೆ.” ಅವರು ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ. ಕೇಸ್ ಶೀಟಿನಲ್ಲಿ ಬರೆದುಕೊಂಡು, “ಹೊಸದನ್ನ ತಟ್ಟಬೇಡಿ” ಎಂದಷ್ಟೇ ಹೇಳಿದರು.

ಬೆಳಿಗ್ಗೆ ಒಳಗೆ ಒಯ್ಯುವಾಗ ಲಿಂಗದ ಕರಡಿಗೆಯನ್ನು ಬಿಚ್ಚಿ ಗಂಗಾಳ ಅಂಗೈಗೆ ಕೊಟ್ಟೆ. ಅವಳು ಅದನ್ನು ತನ್ನ ಕರಡಿಗೆಯ ಪಕ್ಕದಲ್ಲೇ ಸೆರಗಿನಲ್ಲಿ ಕಟ್ಟಿಕೊಂಡಳು. ಇಂಜೆಕ್ಷನ್ ಏರುತ್ತಿದ್ದಂತೆ ಕೊನೆಯ ಸಲ ಅಟ್ಟಕ್ಕೆ ಹೋದೆ. ಕಾಯಿಗಳು ನನ್ನನ್ನು ಕಂಡು ತುಳುಕಿದವು. ಯಾರೋ ತುಂಬ ದೂರದಲ್ಲಿ ಬಾವಿಯಿಂದ ಹಗ್ಗ ಎಳೆಯುತ್ತಿದ್ದರು, ಹಗ್ಗ ನನ್ನೊಳಗಿನಿಂದಲೇ ಮೇಲೆ ಹೋಗುತ್ತಿತ್ತು. ಒಂದು ಮೂಲೆಯಿಂದ ಕಾಯಿಗಳು ಒಂದೊಂದಾಗಿ ಸುಮ್ಮನಾಗತೊಡಗಿದವು. ಬದುವಿನ ಮರದವು, ಬಾವಿ ಪಕ್ಕದವು, ಮದುವೆಯ ವರ್ಷದವು. ಹಲ್ಲಿಯೂ ಸುಮ್ಮನಾಯಿತು. ಹಿತ್ತಲಿನ ಕಲ್ಲಿನ ಮೇಲೆ ಚೆಂಬು ಮಾತ್ರ ಉಳಿದಿತ್ತು.

ಎಚ್ಚರವಾದಾಗ ಬದುಕಿದ್ದೆ. ಎದೆಯ ಮೇಲೆ ಅಂಟಿಸಿದ್ದ ಪೆಟ್ಟಿಗೆಯಲ್ಲಿ ಒಂದು ಹಸಿರು ದೀಪ ನನ್ನ ಹೃದಯದ ಲೆಕ್ಕಕ್ಕೆ ಮಿಣುಕುತ್ತಿತ್ತು. ಮೂರು ವಾರ ಅದನ್ನು ಕಟ್ಟಿಕೊಂಡೇ ಮಲಗಿದ್ದೆ, ದಿನಕ್ಕೆ ಮೂರು ಇಂಜೆಕ್ಷನ್. ಶಿವರಾತ್ರಿಯೂ ಆ ಮಂಚದಲ್ಲೇ ಕಳೆಯಿತು. ನಾಲ್ಕನೆಯ ದಿನದಿಂದ ಜ್ವರ ಬರಲಿಲ್ಲ. ಮಧ್ಯಾಹ್ನವಾದರೆ ಅಭ್ಯಾಸಬಲದಿಂದ ಕಣ್ಣು ಮುಚ್ಚಿ ಕಾಯುತ್ತಿದ್ದೆ. ಏನೂ ಬರುತ್ತಿರಲಿಲ್ಲ. ದುಃಖವಾಗುತ್ತಿತ್ತು, ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆಮೇಲೆ ರಕ್ತ ಶುದ್ಧವಾಯಿತೆಂದು ಬಲಗಡೆ ಹೊಸ ಯಂತ್ರ ಇಟ್ಟು ಕಳಿಸಿದರು.

ಊರಿಗೆ ಬಂದಾಗ ಅಟ್ಟಗಳು ಹಾಗೆಯೇ ಇದ್ದವು. ಮೊದಲ ಕಾಯಿ ನನ್ನ ಕೈಗೆ ಬರಬೇಕೆಂದು ಯಾರೂ ಇಳಿಸಿರಲಿಲ್ಲ. ನಾನು ಚೇತರಿಸಿಕೊಂಡ ಮೇಲೆ ಒಂದು ಬೆಳಿಗ್ಗೆ ನಮ್ಮ ಅಟ್ಟಕ್ಕೆ ಎಲ್ಲರೂ ಬಂದರು. ಆಳುಗಳು ಕೆಳಗೆ ಕುಡುಗೋಲು ಹಿಡಿದು ನಿಂತರು. ನಾನು ಮೆಲ್ಲಗೆ ಏಣಿ ಹತ್ತಿದೆ, ಹಿಂದೆ ಗಂಗಾ, ಅವಳ ಹಿಂದೆ ಚನ್ನಪ್ಪ. ಅವನು ರಾಶಿಯಿಂದ ಒಂದು ಕಾಯಿ ತೆಗೆದು ಎರಡೂ ಕೈಯಲ್ಲಿ ಹಿಡಿದು ಕೊಟ್ಟ. ಕಿವಿಯ ಹತ್ತಿರ ತಂದು ಅಲ್ಲಾಡಿಸಿದೆ. ಗಾಜಿನಿಂದ ಬಿಸಿಲು ಇಳಿಯುತ್ತಿತ್ತು. ಏನೂ ಕೇಳಿಸಲಿಲ್ಲ. ಅಭ್ಯಾಸವಾದ ‘ಆಯ್ತು’ ನಾಲಿಗೆಯ ತುದಿಯಲ್ಲೇ ಇತ್ತು. ಅಂದಿದ್ದರೆ ಮುಗಿದುಹೋಗುತ್ತಿತ್ತು, ಅವಳು ಹಿಂದಿನಿಂದ ಸರಿಮಾಡಿಕೊಳ್ಳುತ್ತಿದ್ದಳು.

ಕಾಯನ್ನು ಅವಳ ಕಡೆ ಚಾಚಿದೆ.

“ನಂಗೆ ಕೇಳುಸ್ತಿಲ್ಲ ಕಣೇ. ಮೂರು ವರ್ಷ ಆಯ್ತು. ನೀನು ಕೇಳಿ ಹೇಳು.” ಕೆಳಗಿದ್ದವರಿಗೂ ಮುಟ್ಟಲಿ ಎಂದು ಗಟ್ಟಿಯಾಗಿಯೇ ಹೇಳಿದೆ.

ಗಂಗಾ ಕಾಯನ್ನು ಇಸಿದುಕೊಂಡಳು. ಕಿವಿಗೆ ಹಿಡಿದು ಒಮ್ಮೆ ಅಲ್ಲಾಡಿಸಿದಳು, ಇನ್ನೊಮ್ಮೆ ಅಲ್ಲಾಡಿಸಿದಳು. ರಾಶಿಯಿಂದ ಇನ್ನೂ ನಾಲ್ಕು ತೆಗೆದು ನೋಡಿದಳು. ಆಮೇಲೆ ಅಟ್ಟದ ಬಾಯಿಗೆ ಬಂದು ಕೆಳಗಿನವರಿಗೆ ಕೂಗಿ ಹೇಳಿದಳು.

“ಇನ್ನೂ ನೀರದೆ. ಹದಿನೈದು ದಿನ ಬುಟ್ಟು ಬನ್ನಿ.”

ನಾನು ‘ಆಯ್ತು’ ಎನ್ನುವವನಿದ್ದೆ. ಆಳುಗಳು ಕುಡುಗೋಲು ಹೆಗಲಿಗೇರಿಸಿ ಹೊರಟರು. ಚನ್ನಪ್ಪ ಇಳಿಯುವ ಮುನ್ನ ನನ್ನ ಬೆನ್ನು ಸವರಿ, ಅವಳ ಕಡೆ ತಿರುಗಿ, “ನಾಳೆ ನಮ್ಮಟ್ಟಕ್ಕೂ ಬಂದ್ಬುಡಕ್ಕ” ಎಂದ. ಅವನ ತುಟಿ ನೋಡಿ ಅಷ್ಟು ತಿಳಿಯಿತು.

ಇಬ್ಬರೇ ಉಳಿದೆವು. ಗಂಗಾ ಹತ್ತಿರ ಬಂದು ನನ್ನ ಶಾಲು ಸರಿಸಿ, ಬಲಗಡೆಯ ಎದೆಯ ಮೇಲೆ, ಮುಟ್ಟಿಯೂ ಮುಟ್ಟದ ಹಾಗೆ, ಕಿವಿ ಇಟ್ಟಳು. ಬಹಳ ಹೊತ್ತು ಹಾಗೇ ಇದ್ದಳು. ಅವಳ ಕೂದಲಿನಲ್ಲಿ ಅಟ್ಟದ ದೂಳಿನ ವಾಸನೆಯಿತ್ತು. ಹಾಗೆಯೇ ತಲೆ ಇಟ್ಟುಕೊಂಡು ಏನೋ ಹೇಳಿದಳು. ಅವಳ ದವಡೆ ಅಲುಗಿದ್ದು ನನ್ನ ಎದೆಗೆ ತಿಳಿಯಿತು, ಮಾತು ತಿಳಿಯಲಿಲ್ಲ. ‘ಹೂಂ’ ಎನ್ನಲು ಬಾಯಿ ತೆರೆದವನು ತಡೆದುಕೊಂಡೆ.

“ಏನು?” ಎಂದೆ.

ಅವಳು ತಲೆಯೆತ್ತಿ ನನ್ನನ್ನೇ ನೋಡಿದಳು. ಮೂರು ವರ್ಷದಲ್ಲಿ ಮೊದಲ ಸಲ ಹಾಗೆ ಕೇಳಿದ್ದೆ. ಅವಳ ಕಣ್ಣು ತುಂಬಿತು, ಜೊತೆಗೇ ನಗುವೂ ಬಂತು. ಎರಡೂ ಕೈಯಿಂದ ನನ್ನ ಮುಖ ಹಿಡಿದುಕೊಂಡು, ಉಸಿರು ಎಳೆದುಕೊಂಡು ಕೂಗಿದಳು.

“ನೀರಿನ ಸದ್ದಿಲ್ಲ ಕಣ್ರೀ! ಸುಮ್ಗದೆ! ಚೆನ್ನಾಗದೆ!”

ಬೀದಿಯವರಿಗೆಲ್ಲ ಕೇಳಿಸಿರಬೇಕು. ನನಗೂ ಕೇಳಿಸಿತು.